ಇಸ್ತ್ರಿ ಕಾಳು

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಮನೆಯಲ್ಲಿ ತರಕಾರಿ ಇರಲಿಲ್ಲ. ನನ್ನ ಗಂಡನ ಸಂಸ್ಕಾರ ಮುಗಿದ ಮೇಲೆ ಒಂಬತ್ತು ದಿನ ಯಾರ ಯಾರದೋ ಮನೆಯಿಂದ ಅಡುಗೆ ಬರುತ್ತಿತ್ತು. ಅವರ ಪಾತ್ರೆ ತೊಳೆದು, ಯಾವುದು ಯಾರದೆಂದು ನೆನಪಿಟ್ಟು ವಾಪಸು ಕಳಿಸುವುದೇ ನಮ್ಮ ಕೆಲಸವಾಗಿತ್ತು. ಹತ್ತನೆಯ ದಿನ ಯಾವ ಪಾತ್ರೆಯೂ ಬರಲಿಲ್ಲ. ಮಾವ ಎಂದಿನಂತೆ ಆರಕ್ಕೆ ಹೋಗಿ ಹಾಲು ತಂದರು. ನಾದಿನಿ ಔಷಧಿ ಅಂಗಡಿಗೆ ಹಾಕಿಕೊಳ್ಳುವ ಬಿಳಿ ಕೋಟನ್ನು ಮಡಚಿ ಚೀಲಕ್ಕೆ ತುರುಕಿದಳು. ಅತ್ತೆ ಒಲೆಯ ಮುಂದೆ ನಿಂತು ಡಬ್ಬಗಳ ಮುಚ್ಚಳ ಒಂದೊಂದಾಗಿ ತೆಗೆದರು.

“ಎರಡು ಈರುಳ್ಳಿ, ಮೂರು ಆಲೂಗೆಡ್ಡೆ. ಇಷ್ಟು ಜನ ಬಂದು ಹೋದರು, ಒಬ್ಬರಿಗಾದರೂ ಒಂದು ಕಟ್ಟು ಸೊಪ್ಪು ತಂದಿಡೋಣ ಅನ್ನಿಸಲಿಲ್ಲ ನೋಡು.”

“ಬರುವಾಗ ತರ್ತೀನಮ್ಮ,” ಎಂದಳು ನಾದಿನಿ.

“ನೀನು ಬರೋದು ಸಂಜೆಗೆ. ಮಧ್ಯಾಹ್ನಕ್ಕೆ ಏನು ಬಡಿಸಲಿ, ನಿನ್ನ ಅಂಗಡಿ ಕೆಮ್ಮಿನ ಔಷಧಿನಾ?”

ಅತ್ತೆ ಸ್ಟೂಲ್ ಎಳೆದುಕೊಂಡು ಹತ್ತಿದರು. ಅದರ ಒಂದು ಕಾಲು ಗಿಡ್ಡ, ನಾನು ಹಿಡಿದುಕೊಂಡೆ. ಮೇಲಿನ ಹಲಗೆಯಲ್ಲಿ ಉಪ್ಪಿನ ಡಬ್ಬದ ಹಿಂದೆ ಕೈಯಾಡಿಸಿ ಗಾಜಿನ ಬಾಟಲಿಯೊಂದನ್ನು ತೆಗೆದರು. ಕತ್ತಿನವರೆಗೂ ಕಾಳು. ಬಿಳಿಯ ದಪ್ಪ ಕಾಳು, ಪ್ರತಿಯೊಂದರ ಮೇಲೂ ಇಸ್ತ್ರಿ ಪೆಟ್ಟಿಗೆ ಬಿಸಿಯಾಗಿ ಬಟ್ಟೆ ಕಂದಿದಂಥ ಗುರುತು.

“ಇದ್ಯಾವ ಕಾಳೇ? ನಾನು ತಂದಿದ್ದಲ್ಲ.”

ಆ ಬಾಟಲಿಯನ್ನು ಅಲ್ಲಿಟ್ಟವನು ಅವನು. ಒಂದು ಗುರುವಾರ ಸಂಜೆ ತಂದು, “ಇದು ತಿನ್ನೋಕಲ್ಲ, ಬಿತ್ತೋಕೆ. ಅಮ್ಮಂಗೆ ಹೇಳಿಬಿಡು” ಎಂದಿದ್ದ. ನಾನು ಆಯಿತು ಎಂದಿದ್ದೆ. ಸೋಮವಾರ ಯಾವುದೋ ಮನೆಯ ಕರೆಂಟ್ ಮೀಟರ್ ಓದಲು ಹೋದವನು ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಬಿದ್ದ. ಕಾಳಿನ ಮಾತನ್ನು ನಾನು ಅತ್ತೆಗೆ ಹೇಳಿರಲಿಲ್ಲ.

“ಗೊತ್ತಿಲ್ಲ,” ಎಂದೆ.

ಕಾಳು ಬಿಸಿನೀರಿನಲ್ಲಿ ನೆನೆಯಿತು. ನಾನು ಈರುಳ್ಳಿ ಹೆಚ್ಚಿಕೊಟ್ಟೆ. ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಎರಡು ಸಲ ಹಾಕಿಸಿಕೊಂಡು ಉಂಡೆ. ಅತ್ತೆ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದರು. ನಾದಿನಿಗೆಂದು ಒಂದು ಬಟ್ಟಲು ಎತ್ತಿಟ್ಟು, ಖಾಲಿ ಬಾಟಲಿಯನ್ನು ತೊಳೆದು ಬಿಸಿಲಿಗಿಟ್ಟು, ಸಂಜೆ ಅದಕ್ಕೆ ಸಕ್ಕರೆ ತುಂಬಿದರು.

ಮೂರು ದಿನ ಕಳೆದು ಟೈಲರಮ್ಮ ಬಂದರು. ಎರಡು ಬೀದಿ ಆಚೆಗಿನ ಅವರ ಮನೆಯ ಹಿತ್ತಿಲಿನಲ್ಲಿ ಮೀಟರ್ ಪೆಟ್ಟಿಗೆಯ ಸುತ್ತಲೂ ಬೀನ್ಸ್ ಬಳ್ಳಿ ಹಬ್ಬಿರುತ್ತಿತ್ತಂತೆ. ಅಂಕಿ ಓದಬೇಕಾದರೆ ಅವನು ಎಲೆ ಸರಿಸಬೇಕಾಗುತ್ತಿತ್ತು. ಮಂಡಿಯ ಶಸ್ತ್ರಚಿಕಿತ್ಸೆ ಆಗಿದ್ದರಿಂದ ಅವರು ಆಟೋದಿಂದ ಇಳಿಯಲಿಲ್ಲ. ಕಾಲನ್ನು ಸೀಟಿನ ಮೇಲೆ ಉದ್ದಕ್ಕೆ ಚಾಚಿಕೊಂಡು, ಅತ್ತೆಯ ಕೈಯನ್ನು ಗೇಟಿನ ಬಳಿಯಿಂದಲೇ ಹಿಡಿದುಕೊಂಡರು.

“ಇಳಿಯೋ ಹಾಗಿಲ್ಲ, ತಪ್ಪು ತಿಳ್ಕೋಬೇಡಿ. ಡಾಕ್ಟರು ಹಾಕಿರೋ ಹೊಲಿಗೆ ನೋಡಿದೆ. ನನ್ನ ಹತ್ತಿರ ಕೆಲಸ ಕಲಿಯೋ ಹುಡುಗಿ ಹಾಗೆ ಹಾಕಿದ್ದಿದ್ರೆ ಬಿಚ್ಚಿಸಿ ಮತ್ತೆ ಹಾಕಿಸ್ತಿದ್ದೆ.” ಸೀಟಿನ ಮೇಲಿನ ಕಾಲನ್ನು ಸರಿಮಾಡಿಕೊಂಡರು. “ನಿಮ್ಮ ಮಗ ಬಂಗಾರದಂಥವನು. ಈ ವರ್ಷ ನನ್ನ ಕೈಲಿ ಬಗ್ಗೋಕಾಗಲ್ಲ ಅಂತ ಇದ್ದ ಬೀಜವೆಲ್ಲ ಅವನಿಗೇ ಕೊಟ್ಟುಬಿಟ್ಟೆ. ಬೆಳೆದು ಬಾಟ್ಲಿ ತುಂಬ ವಾಪಸು ಕೊಡ್ತೀನಿ ಅಂದಿದ್ದ. ಪಾಪ, ಹಾಕಿದ್ನೋ ಇಲ್ಲವೋ?”

“ಎಂಥ ಬೀಜ?” ಎಂದರು ಅತ್ತೆ.

“ಅದೇ, ನನ್ನ ಇಸ್ತ್ರಿ ಕಾಳು. ಬಿಳೀದು, ಮೇಲೆ ಸುಟ್ಟ ಗುರುತು.”

ಅತ್ತೆಯ ಕೈ ಟೈಲರಮ್ಮನ ಕೈಯೊಳಗೇ ಇತ್ತು.

“ಹಾಕಿದಾನೆ,” ಎಂದರು. “ನೀವು ಯೋಚನೆ ಮಾಡಬೇಡಿ.”

“ಸದ್ಯ! ಇನ್ನು ಮೂರು ವಾರಕ್ಕೆ ನಡೆಯೋಕೆ ಬಿಡ್ತಾರೆ. ಆಗ ಬಂದು ಮೊಳಕೆ ನೋಡ್ತೀನಿ.”

ಆಟೋ ತಿರುವು ದಾಟುವವರೆಗೂ ಅತ್ತೆ ಗೇಟಿನಲ್ಲಿ ನಿಂತಿದ್ದರು. ಒಳಗೆ ಬಂದವರು ಸಕ್ಕರೆ ಬಾಟಲಿಯನ್ನು ನೋಡಿ, ನೆಲದ ಮೇಲೆ ಕೂತರು.

ಅಂದು ಊಟದ ಹೊತ್ತಿನಲ್ಲಿ ಮಾವ ಕೂಗಾಡಿದರು. ಮಾವ ಗಿರಣಿಯ ತೂಕದ ಕಟ್ಟೆಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಅಳತೆಯಿಲ್ಲದೆ ಏನನ್ನೂ ಒಪ್ಪದವರು ಅಂದು ಮಾತ್ರ ಅಳತೆ ಮೀರಿ ಮಾತಾಡಿದರು.

“ಮಗ ಬಿತ್ತೋಕೆ ಇಟ್ಟಿದ್ದನ್ನ ಕುಕ್ಕರಿಗೆ ಹಾಕಿದೀಯಲ್ಲೇ! ಒಂದು ಮಾತು ಕೇಳೋದಲ್ವಾ?”

“ಯಾರನ್ನ ಕೇಳಲಿ? ಇಟ್ಟವನನ್ನ ಕೇಳಲಾ?”

“ಇವಳು ಇದ್ದಳಲ್ಲ.”

“ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ.”

ಮಾವ ನನ್ನ ಕಡೆ ನೋಡಿದರು. ನಾನು ನೀರು ಕುಡಿದೆ.

“ಬೇಯಿಸಿದ್ದು ಹಾಳಾಗಿ ಹೋಗಲಿ,” ಎಂದರು ಮಾವ, “ಹಾಕಿದಾನೆ ಅಂತ ಬೇರೆ ಹೇಳಿ ಬಂದಿದೀಯ. ಸತ್ತವನ ತಲೆ ಮೇಲೆ ಸುಳ್ಳು.”

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಅಂದಿನಿಂದ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟು, ಒಲೆಯ ಪಕ್ಕದಲ್ಲಿ ನಿಂತೇ ಉಣ್ಣತೊಡಗಿದರು.

ಹಿತ್ತಿಲಿನಲ್ಲಿ ಅವನು ಅಗೆದಿಟ್ಟ ಪಾತಿ ಹಾಗೇ ಇತ್ತು. ಉದ್ದಕ್ಕೂ ಕೋಲು ನೆಟ್ಟು, ಅಡ್ಡ ಕೋಲುಗಳನ್ನು ಮೀಟರಿಗೆ ಸೀಲು ಹಾಕುವ ತೆಳ್ಳನೆಯ ತಂತಿಯಿಂದ ಬಿಗಿದಿದ್ದ. ಅಲ್ಲಿ ಮೂರು ವಾರದೊಳಗೆ ಏನಾದರೂ ಹುಟ್ಟಬೇಕಿತ್ತು. ಹುಟ್ಟಿದ್ದು ಟೈಲರಮ್ಮನ ಕಾಳಿನಂತೆಯೇ ಕಾಣಬೇಕಿತ್ತು. ಬೀಜವನ್ನು ಎಲ್ಲಿಂದ ತರುವುದು ಎನ್ನುವುದರಲ್ಲಿ ಒಂದು ವಾರ ಹೋಯಿತು.

“ಬಸ್ ಸ್ಟ್ಯಾಂಡ್ ಹತ್ತಿರದ ಬೀಜದಂಗಡಿ,” ಎಂದರು ಮಾವ. “ಕಂಪನಿ ಪ್ಯಾಕೆಟ್ಟು. ತಾರೀಖು ಇರುತ್ತೆ, ನೂರಕ್ಕೆ ಎಷ್ಟು ಮೊಳೆಯುತ್ತೆ ಅಂತ ಬರೆದಿರುತ್ತೆ. ಮೋಸ ಇಲ್ಲ.”

“ಒಳಗೆ ಎಂಥ ಕಾಳಿದೆ ಅಂತ ಕಾಣುತ್ತಾ?” ಅಡುಗೆಮನೆಯಿಂದ ಅತ್ತೆ ಕೇಳಿದರು. “ಸಂತೆಯಲ್ಲಿ ಗೋಣಿಯಮ್ಮ ಚೀಲ ಬಿಚ್ಚಿ ಇಟ್ಟಿರ್ತಾಳೆ. ಕಣ್ಣಾರೆ ನೋಡಿ ಆರಿಸ್ಕೋಬಹುದು.”

“ಅವಳ ಚೀಲದಲ್ಲಿ ಹೋದ ವರ್ಷದ್ದೂ ಇರುತ್ತೆ, ಅದರ ಹಿಂದಿನ ವರ್ಷದ್ದೂ ಇರುತ್ತೆ, ಇಲೀದೂ ಇರುತ್ತೆ.”

“ಅಪ್ಪಾ, ಇಬ್ಬರೂ ಸ್ವಲ್ಪ ಸುಮ್ಮನಿರಿ,” ಎಂದಳು ನಾದಿನಿ. ಮೊಬೈಲನ್ನು ಎಲ್ಲರ ಮುಖದ ಮುಂದೆ ಹಿಡಿದಳು. “ಇಲ್ಲಿ ನೋಡಿ, ನಲವತ್ತು ತರಹದ ಬೀನ್ಸ್ ಇದೆ. ಇದೇ ಅಲ್ವಾಮ್ಮ?”

“ಇದರ ಗುರುತು ಹೊಟ್ಟೆ ಹತ್ತಿರ ಇದೆ. ಅದರದ್ದು ಪಕ್ಕದಲ್ಲಿತ್ತು.”

“ನೀನು ಬೇಯಿಸೋ ಮೊದಲು ನೋಡಿದ್ದೀಯ. ನಾನು ನೋಡಿದ್ದು ಬೆಂದ ಮೇಲೆ. ನನ್ನ ಬಟ್ಟಲಲ್ಲಿ ಎಲ್ಲಾ ಒಂದೇ ಬಣ್ಣ ಇತ್ತು.” ನನ್ನ ಕಡೆ ತಿರುಗಿದಳು. “ಅತ್ತಿಗೆ, ನೀವು ಯೂನಿವರ್ಸಿಟಿ ಮೆಟ್ಟಿಲು ಹತ್ತಿದವರು. ಹೇಳಿ, ಎಲ್ಲಿ ತಗೊಂಡ್ರೆ ಸರಿ?”

ನಾನು ಓದಿದ್ದು ಸಂಖ್ಯಾಶಾಸ್ತ್ರ. ಮೂರೂ ಕಡೆಯಿಂದ ತಂದು ಒಂದೊಂದು ಸಾಲು ಹಾಕೋಣ ಎಂದೆ. ಜಗಳ ನಿಲ್ಲಲೆಂದು ಹೇಳಿದ್ದೇ ಹೊರತು ಬೇರೆ ಉದ್ದೇಶ ಇರಲಿಲ್ಲ. ಅದೂ ನಿಲ್ಲಲಿಲ್ಲ.

ಮಾವ ತಂದ ಪ್ಯಾಕೆಟ್ಟಿನ ಮೇಲೆ ಹಸಿರು ಕಾಯಿಯ ಚಿತ್ರವಿತ್ತು. ಕತ್ತರಿಸಿದರೆ ಒಳಗಿನ ಕಾಳೆಲ್ಲ ಗುಲಾಬಿ ಬಣ್ಣ.

“ಇದೇನ್ರೀ, ಮಕ್ಕಳ ಮಿಠಾಯಿ ತಂದಿದ್ದೀರಾ?”

“ಔಷಧಿ ಹಚ್ಚಿದಾರೆ ಕಣೇ. ಹುಳ ಹಿಡೀಬಾರದು ಅಂತ.”

ಮರುದಿನ ಮಾವ ಕ್ಷೌರಕ್ಕೆ ಹೋಗಿದ್ದಾಗ ಅತ್ತೆ ಆ ಕಾಳನ್ನೆಲ್ಲ ಬಕೆಟ್ಟಿಗೆ ಸುರಿದು, ಸೋಪು ಹಾಕಿ ಉಜ್ಜಿ ತೊಳೆದು, ಬಿಳಿ ಮಾಡಿ ಹಳೆಯ ಪಂಚೆಯ ಮೇಲೆ ಹರವಿದ್ದರು. ಮಾವ ಬಂದು ನೋಡಿದರು.

“ಏನು ಮಾಡಿದ್ಯೇ ಇದನ್ನ?”

“ಗುಲಾಬಿ ಬಣ್ಣ ನೋಡಿದ್ರೆ ಯಾರಿಗಾದ್ರೂ ಅನುಮಾನ ಬರಲ್ವಾ?”

“ಬೀಜ ಮಣ್ಣೊಳಗಿರುತ್ತೆ! ಮಣ್ಣು ಕೆದಕಿ ಬಣ್ಣ ನೋಡ್ತಾಳಾ ಅವಳು? ವಿಷ ಕಣೇ ಅದು, ಕೈ ತೊಳ್ಕೋ! ಆ ಬಕೆಟ್ಟು ಇನ್ನು ಸ್ನಾನಕ್ಕೆ ಬೇಡ.”

“ನಿಮ್ಮ ಪ್ಯಾಕೆಟ್ಟಿನ ಮೇಲೆ ತಾರೀಖು ಬರೀತಾರೆ, ವಿಷ ಅಂತ ಬರೆಯೋಕಾಗಲ್ವಾ?”

“ಬರೆದಿದಾರೆ!”

ನಾದಿನಿ ಬಾಗಿಲಿಗೆ ಒರಗಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಕ್ಕಳು. ಆಮೇಲೆ ಅದೇ ದುಪಟ್ಟಾದಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಸಂತೆಗೆ ನಾನು ಮತ್ತು ಅತ್ತೆ ಹೋದೆವು. ಗೋಣಿಯಮ್ಮ ಹನ್ನೆರಡು ಚೀಲಗಳ ನಡುವೆ ಕೂತಿದ್ದಳು. “ನೋಡಿ ತಗೊಳ್ಳಿ, ಮುಟ್ಟಿ ತಗೊಳ್ಳಿ, ಬೇಕಾದ್ರೆ ಕಚ್ಚಿ ತಗೊಳ್ಳಿ. ಆಮೇಲೆ ಬಂದು ಅಳಬೇಡಿ.” ಅತ್ತೆ ಚೀಲದ ಮುಂದೆ ಕುಕ್ಕರಗಾಲಲ್ಲಿ ಕೂತು, ಕಂದು ಚುಕ್ಕೆಯಿದ್ದ ಕಾಳನ್ನು ಒಂದೊಂದಾಗಿ ಆರಿಸಿದರು. ಅರ್ಧ ಗಂಟೆಗೆ ಇಪ್ಪತ್ತು ಸಿಕ್ಕವು. “ಏನಮ್ಮ, ಬಿತ್ತೋಕೋ, ಮೂಗುಬೊಟ್ಟು ಮಾಡಿಸೋಕೋ?” ಎಂದಳು ಗೋಣಿಯಮ್ಮ. ಅತ್ತೆ ಆರಿಸಿದ ಕಾಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಏಳುವಾಗ ನನ್ನ ತೋಳು ಹಿಡಿದುಕೊಂಡರು. ಆ ಕೈ ತುಂಬ ಹಗುರವಾಗಿತ್ತು.

ನಾದಿನಿಯ ಬೀಜ ಅಂಚೆಯಲ್ಲಿ ಬಂತು. ಅಂಗೈಯಗಲದ ಪೆಟ್ಟಿಗೆ, ಅದರೊಳಗೆ ಇನ್ನೊಂದು ಪೆಟ್ಟಿಗೆ, ಅದರೊಳಗೆ ಒಂದು ಧನ್ಯವಾದ ಪತ್ರ, ಒಂಬತ್ತು ಕಾಳು.

“ಒಂಬತ್ತಾ?” ಎಂದರು ಮಾವ. “ಪತ್ರಾನೂ ಬಿತ್ತು. ಹತ್ತಾಗುತ್ತೆ.”

ಭಾನುವಾರ ಬಿತ್ತನೆ. ಮಾವ ದಾರ ಕಟ್ಟಿ, ಟೇಪು ಹಿಡಿದು, ಗೇಣಿಗೊಂದು ಕಾಳು ಇಟ್ಟರು. ಅತ್ತೆ ಬೆರಳಿನಿಂದ ಗುಳಿ ಮಾಡಿ ಹಾಕಿ, ಅಂಗೈಯಿಂದ ತಟ್ಟಿದರು. ಒಂದೇ ಪಾತಿಯ ಆ ಕಡೆಗೊಬ್ಬರು, ಈ ಕಡೆಗೊಬ್ಬರು, ಒಂದು ಮಾತಿಲ್ಲ. ಮರುದಿನದಿಂದ ನಾನು ಕಚೇರಿಗೆ ಹೋಗತೊಡಗಿದೆ. ಸಮೀಕ್ಷೆಯ ನಮೂನೆಗಳಲ್ಲಿ ಜನ ತುಂಬಿದ ಅಂಕಿ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಮನೆಯಲ್ಲಿ ಇರುವವರ ಸಂಖ್ಯೆ ಎಂಬ ಅಂಕಣ ಪ್ರತಿ ನಮೂನೆಯಲ್ಲೂ ಇರುತ್ತದೆ.

ಮನೆಯೊಳಗೆ ಯಾರೂ ಒಂದು ಕಡೆ ಕೂರುತ್ತಿರಲಿಲ್ಲ. ಮಾವ ಗಂಟೆಗೊಮ್ಮೆ ಹಿತ್ತಿಲಿಗೆ ಹೋಗಿ ಬರುತ್ತಿದ್ದರು. ನಾದಿನಿ ಅಂಗಡಿಯಿಂದ ಫೋನ್ ಮಾಡಿ “ಹುಟ್ಟಿತಾ?” ಎನ್ನುತ್ತಿದ್ದಳು. ಅತ್ತೆ ಪಾತ್ರೆ ತೊಳೆಯುತ್ತಿದ್ದವರು ಅರ್ಧಕ್ಕೇ ಬಿಟ್ಟು ಗೇಟಿನ ಬಳಿ ಹೋಗಿ ಬೀದಿ ನೋಡಿ ಬರುತ್ತಿದ್ದರು. ಅನ್ನ ಎರಡು ಸಲ ಸೀದಿತು. ಎರಡನೆಯ ಸಲ ಮಾವ ತಟ್ಟೆ ಸರಿಸಿ, “ಬೇಯಿಸಬಾರದ್ದನ್ನ ಚೆನ್ನಾಗಿ ಬೇಯಿಸ್ತೀಯ” ಎಂದರು.

ಅತ್ತೆ ಸೀದ ಅನ್ನವನ್ನು ತಾವೇ ಬಡಿಸಿಕೊಂಡು ಒಲೆಯ ಕಡೆ ಮುಖ ಮಾಡಿ ಉಂಡರು. ನಾನು ಅಲ್ಲೇ ಇದ್ದೆ.

ಎಂಟನೆಯ ದಿನ ಮಣ್ಣು ಬಿರುಕು ಬಿಟ್ಟಿತು. ಹತ್ತನೆಯ ದಿನ ಎಣಿಸಿದೆ. ಅಂಗಡಿಯ ಇಪ್ಪತ್ತರಲ್ಲಿ ಹನ್ನೊಂದು, ಅಂಚೆಯ ಒಂಬತ್ತರಲ್ಲಿ ಎರಡು, ಸಂತೆಯ ಇಪ್ಪತ್ತರಲ್ಲಿ ಹದಿನೆಂಟು. ಅಂದು ಅತ್ತೆ ತಲೆ ಬಾಚಿಕೊಂಡರು.

ಅದೇ ಸಂಜೆ ಟೈಲರಮ್ಮ ಫೋನ್ ಮಾಡಿದರು. ನಾಳಿದ್ದು ಬರುತ್ತಾರಂತೆ, ಕೋಲೂರಿಕೊಂಡು, ನಡೆದೇ.

“ಬರಲಿ,” ಎಂದರು ಅತ್ತೆ, ಬಡಿಸುತ್ತಾ. “ಬೀನ್ಸ್ ಮೊಳಕೆ ಎಲ್ಲಾ ಒಂದೇ ತರಹ. ಎರಡು ಎಲೆ, ಒಂದು ದಂಟು. ಯಾರಿಗೆ ಗೊತ್ತಾಗುತ್ತೆ?”

“ಕಾಯಿ ಬಿಟ್ಟ ಮೇಲೆ?” ಎಂದಳು ನಾದಿನಿ.

“ಆಗ ನೋಡೋಣ. ಮಣ್ಣಿನ ಗುಣ ಅಂತ ಹೇಳಿದ್ರಾಯ್ತು.”

“ಗೊತ್ತಾಗುತ್ತೆ,” ಎಂದೆ ನಾನು.

ಮೂವರೂ ನನ್ನ ಕಡೆ ನೋಡಿದರು.

“ಅದರ ದಂಟು ಹುಟ್ಟುವಾಗಲೇ ನೇರಳೆ ಬಣ್ಣ ಇರುತ್ತಂತೆ. ನಮ್ಮದೆಲ್ಲ ಹಸಿರು. ಗೇಟಿನಲ್ಲಿ ನಿಂತೇ ಗೊತ್ತಾಗುತ್ತೆ ಅವರಿಗೆ.”

“ನಿನಗೆ ಯಾರು ಹೇಳಿದ್ರು?” ಮಾವ ಕೇಳಿದರು.

“ನಿಮ್ಮ ಮಗನೇ ಹೇಳಿದ್ರು.”

“ಯಾವಾಗ?”

“ಬಾಟ್ಲಿ ತಂದ ದಿನ. ತಿನ್ನೋಕಲ್ಲ, ಅಮ್ಮಂಗೆ ಹೇಳು ಅಂತಾನೂ ಹೇಳಿದ್ರು.”

ಅತ್ತೆಯ ಕೈಯಲ್ಲಿ ಸೌಟು ಇತ್ತು. ಅದನ್ನು ಪಾತ್ರೆಯೊಳಗೆ ಬಿಟ್ಟರು.

“ನಾನು ಕೇಳಿದ್ನಲ್ಲೇ. ಇದ್ಯಾವ ಕಾಳು ಅಂತ. ಸ್ಟೂಲ್ ಹಿಡ್ಕೊಂಡು ನಿಂತಿದ್ಯಲ್ಲ.”

“ಹೌದು.”

“ಗೊತ್ತಿಲ್ಲ ಅಂದೆ.”

“ಹೌದು ಅತ್ತೆ.”

“ಗೊತ್ತಿದ್ದೂ ಎರಡು ಸಲ ಹಾಕಿಸ್ಕೊಂಡೆ? ಹತ್ತು ದಿನ ಆದ್ಮೇಲೆ ಇವತ್ತು ಈ ಹುಡುಗಿ ಹೊಟ್ಟೆ ತುಂಬ ಉಂಡಳು ಅಂತ ನಾನು ನೋಡ್ತಾ ನಿಂತಿದ್ದೆ.” ಅವರ ಧ್ವನಿ ಏರಿತು. “ಮೂರು ವಾರ! ಇವರ ಬಾಯಲ್ಲಿ ಬಂದದ್ದನ್ನೆಲ್ಲ ನಾನು ತಿಂತಿದ್ದೆ, ನೀನು ಪಕ್ಕದಲ್ಲಿ ಕೂತು ಅನ್ನ ತಿಂತಿದ್ದೆ. ಯಾಕೆ ಹೇಳಲಿಲ್ಲ?”

“ಗೊತ್ತಿಲ್ಲ,” ಎಂದೆ. ಈ ಸಲ ಅದು ಸುಳ್ಳಾಗಿರಲಿಲ್ಲ.

“ಬೇರೆ ಏನೂ ಬರಲ್ವಾ ನಿನ್ನ ಬಾಯಲ್ಲಿ?”

ನಾದಿನಿ “ಅಮ್ಮ, ಬಿಡಮ್ಮ” ಎಂದಳು. ಅತ್ತೆ ಬಿಡಲಿಲ್ಲ. ಓದು, ಕಚೇರಿ, ಮದುವೆಯಾದ ದಿನದಿಂದ ನಾನು ಮುಚ್ಚದೆ ಬಿಟ್ಟ ಡಬ್ಬಗಳು, ಎಲ್ಲವೂ ಬಂದವು. ಮಾವ ಉಂಡು ಮುಗಿಸಲಿಲ್ಲ. ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ತೊಳೆದರು. ಆ ಮನೆಯಲ್ಲಿ ಅವರು ತಟ್ಟೆ ತೊಳೆದದ್ದನ್ನು ನಾನು ನೋಡಿರಲಿಲ್ಲ. ಎಲ್ಲಿಡಬೇಕೆಂದು ಗೊತ್ತಾಗದೆ ಒದ್ದೆ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು.

“ಕೊಡಿ ಇಲ್ಲಿ,” ಎಂದು ಅತ್ತೆ ಕಿತ್ತುಕೊಂಡರು.

ಮರುದಿನ ಬೆಳಿಗ್ಗೆ ಸಕ್ಕರೆಯನ್ನು ಬೇರೆ ಡಬ್ಬಕ್ಕೆ ಸುರಿದೆ. ಬಾಟಲಿಯನ್ನು ತೊಳೆದು ಒರೆಸಿದೆ. ಚಪ್ಪಲಿ ಮೆಟ್ಟುವಾಗ ಅತ್ತೆ ಕೇಳಿದರು:

“ಎಲ್ಲಿಗೆ?”

“ಟೈಲರಮ್ಮನ ಮನೆಗೆ. ಅವರು ಅಷ್ಟು ದೂರ ನಡೆದು ಬರೋದು ಬೇಡ.”

ನಾನು ತಿರುವಿನ ಹತ್ತಿರ ಹೋಗುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದು ಕೇಳಿಸಿತು. ಅತ್ತೆ ನನ್ನನ್ನು ಸೇರಿಕೊಳ್ಳಲಿಲ್ಲ. ಹತ್ತು ಹೆಜ್ಜೆ ಹಿಂದೆಯೇ ಬಂದರು. ಟೈಲರಮ್ಮನ ಬಾಗಿಲಿನ ಮುಂದೆ ನಿಂತು, “ನೀನು ಹೋಗು. ನಾನು ಇಲ್ಲೇ ಇರ್ತೀನಿ,” ಎಂದರು.

ಟೈಲರಮ್ಮ ಹೊಲಿಗೆ ಯಂತ್ರದ ಪಕ್ಕದಲ್ಲಿ ಕಾಲು ಚಾಚಿ ಕೂತು ಯಾರದೋ ಶರ್ಟಿಗೆ ಗುಂಡಿ ಹಾಕುತ್ತಿದ್ದರು. ನನ್ನ ಕೈಯಲ್ಲಿನ ಬಾಟಲಿ ನೋಡಿದರು. ನಾನು ನಿಂತುಕೊಂಡೇ ಹೇಳಿದೆ. ಬಿತ್ತಿರಲಿಲ್ಲ, ಬೇಯಿಸಿ ತಿಂದೆವು, ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿರಲಿಲ್ಲ.

ಅವರು ಸೂಜಿಯನ್ನು ಶರ್ಟಿಗೆ ಚುಚ್ಚಿಟ್ಟರು. ಬಾಟಲಿ ಕೈಗೆ ತೆಗೆದುಕೊಂಡು, ತಲೆಕೆಳಗು ಮಾಡಿ ಅಂಗೈ ಮೇಲೆ ತಟ್ಟಿದರು.

“ಒಂದೂ ಇಲ್ವಾ?”

“ಇಲ್ಲ.”

“ಮೂವತ್ತೆಂಟು ವರ್ಷ ಉಳಿಸ್ಕೊಂಡು ಬಂದ ಬೀಜ,” ಎಂದರು. ಶರ್ಟನ್ನು ಮಡಿಲಿನಿಂದ ಪಕ್ಕಕ್ಕೆ ಸರಿಸಿದರು. ಹೊರಗೆ ಅತ್ತೆ ಕೆಮ್ಮಿದರು.

“ಎಷ್ಟು ಜನ ಕೇಳಿದ್ರು ಗೊತ್ತಾ? ಎಲ್ಲರಿಗೂ ಅಂಗಡಿ ದಾರಿ ತೋರಿಸಿದೆ. ನನ್ನ ಕಾಳು ನನ್ನ ಹಿತ್ತಿಲಲ್ಲೇ ಇರಲಿ ಅಂತ. ಒಬ್ಬರಿಗಾದ್ರೂ ಒಂದು ಹಿಡಿ ಕೊಟ್ಟಿದ್ದಿದ್ರೆ ಇವತ್ತು ಹೋಗಿ ಕೇಳಬಹುದಿತ್ತು. ನಿನ್ನ ಗಂಡ ಒಬ್ಬ, ತಿಂಗಳಿಗೊಂದು ಸಲ ಬರ್ತಿದ್ದ, ಬಂದಾಗೆಲ್ಲ ಪೀಡಿಸ್ತಿದ್ದ.” ಬಾಟಲಿಯನ್ನು ಮಡಿಲಲ್ಲಿ ತಿರುಗಿಸಿದರು. “ಈಗ ಏನು ಹಾಕಿದ್ದೀರಿ?”

“ಮೂರು ಕಡೆಯಿಂದ ತಂದು ಹಾಕಿದೆವು. ಸಂತೆಯದ್ದು ಚೆನ್ನಾಗಿ ಬಂದಿದೆ.”

“ಗೋಣಿಯಮ್ಮನದಾ? ಅವಳಿಗೆ ಯಾರು ಕೊಟ್ಟರಂತೆ?”

“ಕೇಳಲಿಲ್ಲ.”

“ಬೀಜ ತಗೊಳ್ಳೋವಾಗ ಮೊದಲು ಕೇಳಬೇಕಾದ್ದೇ ಅದು. ಹೋಗಿ ಕೇಳು. ಎಲ್ಲೋ ಒಂದು ಹಿತ್ತಿಲಿಂದ ಬಂದಿರುತ್ತೆ.” ಆಮೇಲೆ ಬೇರೆಯದೇ ದನಿಯಲ್ಲಿ, “ರುಚಿ ಹೇಗಿತ್ತು?” ಎಂದರು.

ನನಗೆ ತಕ್ಷಣ ತಿಳಿಯಲಿಲ್ಲ.

“ಕಾಳು. ನಾನು ಹಸಿ ಕಾಯಿ ಮಾತ್ರ ತಿಂದಿದ್ದೀನಿ. ಒಣಗಿದ ಕಾಳೆಲ್ಲ ಬೀಜಕ್ಕೆ ಅಂತ ಇಟ್ಟುಬಿಡ್ತಿದ್ದೆ. ಒಂದು ಸಲಾನೂ ಬೇಯಿಸಲಿಲ್ಲ. ಎಷ್ಟು ಹೊತ್ತಿಗೆ ಬೆಂತು?”

ಕಿಟಕಿಯ ಆಚೆಯಿಂದ ಅತ್ತೆಯ ಧ್ವನಿ ಬಂತು.

“ಮೂರು ಸೀಟಿ. ಎರಡಕ್ಕೆ ಬೇಯಲಿಲ್ಲ.”

“ಒಳಗೆ ಬಂದು ಹೇಳಿ,” ಎಂದರು ಟೈಲರಮ್ಮ.

ಅತ್ತೆ ಬಂದು ಬಾಗಿಲ ಬಳಿ ನಿಂತರು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. “ಬೆಣ್ಣೆ ಹಾಗಿತ್ತು. ಸಿಪ್ಪೆ ಸ್ವಲ್ಪ ದಪ್ಪ. ಇವಳು ಎರಡು ಸಲ ಹಾಕಿಸ್ಕೊಂಡಳು.”

“ಹಾಗಿದ್ರೆ ಸರಿ,” ಎಂದರು ಟೈಲರಮ್ಮ. ಸರಿಯಾಗಿತ್ತೆಂದು ಅವರ ಮುಖ ಹೇಳಲಿಲ್ಲ. ಬಾಟಲಿಯನ್ನು ನನ್ನ ಕಡೆ ಚಾಚಿದರು. “ನನಗೆ ಹತ್ತೋಕಾಗಲ್ಲ. ಅಲ್ಲಿಟ್ಟುಬಿಡು.”

ಯಂತ್ರದ ಮೇಲಿನ ಹಲಗೆಯಲ್ಲಿ ಗುಂಡಿಗಳ ಬಾಟಲಿಗಳು ಸಾಲಾಗಿದ್ದವು, ಬಿಳಿ, ಕಪ್ಪು, ಕಂದು. ಕೊನೆಯಲ್ಲಿ ಒಂದು ಜಾಗ ಖಾಲಿಯಿತ್ತು. ಕುರ್ಚಿ ಎಳೆದುಕೊಂಡು ಹತ್ತಿದೆ. ಆ ಜಾಗದ ಧೂಳಿನಲ್ಲಿ ಬಾಟಲಿಯ ತಳದ ದುಂಡು ಗುರುತು ಇನ್ನೂ ಸ್ಪಷ್ಟವಾಗಿತ್ತು. ಅದರ ಮೇಲೇ ಇಟ್ಟೆ.

“ಮುಚ್ಚಳ ಹಾಕಲಾ?”

“ಖಾಲಿ ಬಾಟ್ಲಿಗೆ ಮುಚ್ಚಳ ಯಾಕೆ? ಪಕ್ಕದಲ್ಲಿಡು.”

ಪಕ್ಕದಲ್ಲಿಟ್ಟೆ. ಕೆಳಗೆ ನೋಡಿದರೆ ಅತ್ತೆ ಒಳಗೆ ಬಂದು ಕುರ್ಚಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

“ಇಳಿ,” ಎಂದರು.